ಕ್ಯಾಂಕಕೀ ನದಿ ಇಂಡಿಯಾನಾದಲ್ಲಿ ನೇರ, ಇಲಿನಾಯ್‌ನಲ್ಲಿ ಅಂಕುಡೊಂಕು: ಕಾರಣವೇನು?

ಪ್ರಶ್ನೆ: ಪ್ರೈರಿ ನಿವಾಸಿ

ಎಲ್ಲರಿಗೂ ನಮಸ್ಕಾರ. ಶಿಕಾಗೊದ ನೈರುತ್ಯ ದಿಕ್ಕಿನ ಉಪನಗರವೊಂದರಲ್ಲಿ ನೆಲೆಸಿರುವ ನಾನು ಇಂಡಿಯಾನಾಪೊಲಿಸ್‌ನಲ್ಲಿರುವ ತಂಗಿಯ ಮನೆಗೆ ಐ-65 ಹೆದ್ದಾರಿಯಲ್ಲಿ ಆಗಾಗ ಹೋಗಿಬರುತ್ತೇನೆ. ದಾರಿಯಲ್ಲಿ ಲೇಕ್ ಕೌಂಟಿ ಮುಗಿಯುವಲ್ಲಿ ಕ್ಯಾಂಕಕೀ ನದಿಯ ಸೇತುವೆ ಸಿಗುತ್ತದೆ. ಫಲಕ ಇಲ್ಲದಿದ್ದರೆ ಅದನ್ನು ಯಾರೂ ನದಿ ಎನ್ನಲಾರರು. ಎರಡೂ ಬದಿಯಲ್ಲಿ ಮಣ್ಣಿನ ಏರಿ, ನಡುವೆ ಅಳತೆಗೋಲು ಇಟ್ಟು ತೋಡಿದಂತಿರುವ ಕಾಲುವೆ, ಏರಿಯ ಆಚೆ ಕಣ್ಣು ಹಾಯುವವರೆಗೆ ಮೆಕ್ಕೆಜೋಳ ಮತ್ತು ಸೋಯಾಬೀನ್. ಇದೇ ನದಿಯನ್ನು ಇಲಿನಾಯ್‌ನ ಕ್ಯಾಂಕಕೀ ನಗರದ ಕೆಳಗಿರುವ ರಾಜ್ಯ ಉದ್ಯಾನದಲ್ಲಿ ನೋಡಿದರೆ ಅಲ್ಲಿ ಸುಣ್ಣಕಲ್ಲಿನ ದಂಡೆಗಳಿವೆ, ನಡುಗಡ್ಡೆಗಳಿವೆ, ಕಲ್ಲುಹಾಸಿನ ಮೇಲೆ ತೆಳ್ಳಗೆ ಹರಿಯುವ ನೀರಿದೆ.

ಉಪಗ್ರಹ ಚಿತ್ರದಲ್ಲಿ ಹುಡುಕಿದಾಗ ಇನ್ನೊಂದು ಸಂಗತಿ ಕಂಡಿತು. ನದಿ ಸೌತ್ ಬೆಂಡ್ ಕಡೆಯಿಂದ ಪಶ್ಚಿಮಕ್ಕೆ ನೇರವಾಗಿ ಬರುತ್ತದೆ, ಎರಡು ರಾಜ್ಯಗಳ ಗಡಿಯನ್ನು ದಾಟಿದ ಕೂಡಲೇ ಬಳುಕಲು ತೊಡಗುತ್ತದೆ. ಮನುಷ್ಯರು ನಕ್ಷೆಯ ಮೇಲೆ ಎಳೆದ ಗಡಿಗೂ ನದಿಯ ನಡೆಗೂ ಇಂಥ ಸಂಬಂಧ ಹೇಗೆ ಬಂತು? ಹತ್ತೊಂಬತ್ತನೆಯ ಶತಮಾನದ ನಕ್ಷೆಗಳಲ್ಲಿ ನದಿಯ ದಕ್ಷಿಣಕ್ಕೆ ಬೀವರ್ ಲೇಕ್ ಎಂಬ ದೊಡ್ಡ ಸರೋವರವೂ ಕಾಣುತ್ತದೆ, ಈಗ ಆ ಜಾಗದಲ್ಲಿ ಹೊಲಗಳಿವೆ. ಈ ನದಿಯ ಇತಿಹಾಸವನ್ನು ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಹಿಮದ ಜಾಡು

ನದಿಯ ಕತೆಯನ್ನು ನೆಲದ ಕತೆಯಿಂದಲೇ ಆರಂಭಿಸಬೇಕು. ಮಿಷಿಗನ್ ಸರೋವರ ಅಷ್ಟು ಸಮೀಪದಲ್ಲಿದ್ದರೂ ಕ್ಯಾಂಕಕೀಯ ನೀರು ಅಲ್ಲಿಗೆ ಹೋಗುವುದಿಲ್ಲ. ಸರೋವರಕ್ಕೂ ನದಿಗೂ ನಡುವೆ ವಾಲ್ಪರೈಸೊ ಮೊರೇನ್ ಎಂಬ ಏರುನೆಲವಿದೆ. ಹಿಮಯುಗದ ಕೊನೆಯಲ್ಲಿ ಹಿಮನದಿ ಹಿಂದೆ ಸರಿಯುವಾಗ ತಾನು ಹೊತ್ತು ತಂದ ಮಣ್ಣು, ಕಲ್ಲು, ಜೇಡಿಯನ್ನು ತನ್ನ ಅಂಚಿನುದ್ದಕ್ಕೂ ಬಿಟ್ಟುಹೋದ ದಿಬ್ಬಸಾಲು ಅದು. ಅದರ ದಕ್ಷಿಣಕ್ಕೆ ಕರಗಿದ ನೀರು ಹರಡಿದ ಮರಳಿನ ಬಯಲೇ ಇಂದಿನ ಕ್ಯಾಂಕಕೀ ಕಣಿವೆ. ಸುಮಾರು 19,000 ವರ್ಷಗಳ ಹಿಂದೆ ಹಿಮದ ಅಂಚಿನಲ್ಲಿ ನಿಂತಿದ್ದ ಸರೋವರಗಳು ಒಡ್ಡು ಒಡೆದು ಈ ಕಣಿವೆಯ ಮೂಲಕ ನುಗ್ಗಿದವು. ಭೂವಿಜ್ಞಾನಿಗಳು ಆ ಮಹಾಪ್ರವಾಹವನ್ನು 'ಕ್ಯಾಂಕಕೀ ಟಾರೆಂಟ್' ಎಂದು ಕರೆಯುತ್ತಾರೆ. ಇಲಿನಾಯ್ ಭಾಗದಲ್ಲಿ ನೀವು ಕಂಡ ಸುಣ್ಣಕಲ್ಲಿನ ತಳವನ್ನು ಬೋಳಾಗಿಸಿದ್ದು ಅಂಥ ನೀರು. ಇಂಡಿಯಾನಾ ಭಾಗದಲ್ಲಾದರೋ ಬಂಡೆ ಕಾಣುವುದೇ ಇಲ್ಲ, ಎಲ್ಲೆಲ್ಲೂ ಮರಳು, ಅದರ ಮೇಲೆ ಗಾಳಿ ಒಟ್ಟಿದ ಮರಳುದಿಬ್ಬಗಳು, ದಿಬ್ಬಗಳ ಮೇಲೆ ಓಕ್ ಮರಗಳು.

ಆದ್ದರಿಂದ ಗಡಿಯ ಎರಡು ಕಡೆಯ ನೆಲ ಸ್ವಭಾವದಲ್ಲೇ ಬೇರೆ ಎನ್ನುವುದು ನಿಜ. ಆದರೆ ಆ ವ್ಯತ್ಯಾಸ ನೀವು ಇಂದು ಕಾಣುತ್ತಿರುವುದಕ್ಕೆ ಸರಿಯಾಗಿ ತಿರುಗುಮುರುಗಾಗಿತ್ತು. ಮೂಲದಲ್ಲಿ ಹೆಚ್ಚು ಬಳುಕುತ್ತಿದ್ದದ್ದು ಇಂಡಿಯಾನಾದ ನದಿಯೇ. ಸೌತ್ ಬೆಂಡ್‌ನಿಂದ ಗಡಿಯವರೆಗೆ ಸುಮಾರು 240 ಮೈಲಿ ಉದ್ದಕ್ಕೆ, ಎರಡು ಸಾವಿರದಷ್ಟು ತಿರುವುಗಳಲ್ಲಿ ಅದು ಸುತ್ತಿ ಸುಳಿದು ಬರುತ್ತಿತ್ತು. ಮೈಲಿಗೆ ಕೆಲವೇ ಅಂಗುಲಗಳ ಇಳಿಜಾರು ಇರುವ ನೆಲದಲ್ಲಿ ನೀರಿಗೆ ಅವಸರವೆಲ್ಲಿಂದ ಬರಬೇಕು? ದಂಡೆ ಮೀರಿದ ನೀರು ಹಲವು ಮೈಲಿ ಅಗಲಕ್ಕೆ ಹರಡಿಕೊಂಡು ವರ್ಷದ ಬಹುಪಾಲು ಅಲ್ಲೇ ನಿಲ್ಲುತ್ತಿತ್ತು. ಹೀಗೆ ಉಂಟಾದ ಜೌಗು ಪ್ರದೇಶದ ವಿಸ್ತಾರವನ್ನು ಸುಮಾರು ಐದು ಲಕ್ಷ ಎಕರೆ ಎಂದು ಲೆಕ್ಕ ಹಾಕುತ್ತಾರೆ. ಕಾಡುಭತ್ತ, ಆಪು ಹುಲ್ಲು, ಬಾತುಕೋಳಿಗಳು, ಮಸ್ಕ್‌ರ್‍ಯಾಟ್, ಬೀವರ್, ಮೀನುಗಳಿಂದ ಅದು ತುಂಬಿತ್ತು. ಫ್ಲೋರಿಡಾದ ಪ್ರಸಿದ್ಧ ಜೌಗು ಪ್ರದೇಶದ ನೆನಪಿನಲ್ಲಿ 'ಉತ್ತರದ ಎವರ್‌ಗ್ಲೇಡ್ಸ್' ಎಂಬ ಹೆಸರು ಅದಕ್ಕೆ ಬಂದದ್ದರಲ್ಲಿ ಅತಿಶಯವೇನೂ ಇಲ್ಲ.

ಗಡಿಯಿಂದ ಕೆಲವು ಮೈಲಿ ಪಶ್ಚಿಮಕ್ಕೆ, ಇಲಿನಾಯ್‌ನ ಮೊಮೆನ್ಸ್ ಊರಿನ ಬಳಿ, ನದಿಪಾತ್ರದ ತಳದಲ್ಲಿ ಸುಣ್ಣಕಲ್ಲಿನ ಹಾಸು ಎದ್ದು ನಿಂತಿದೆ. ಹಿಂದಿನ ಜೌಗಿನ ನೀರಿಗೆ ಅದೇ ಸಹಜ ಅಣೆಕಟ್ಟು ಎಂದು ಹತ್ತೊಂಬತ್ತನೆಯ ಶತಮಾನದ ಜನ ನಂಬಿದ್ದರು. ಆ ನಂಬಿಕೆಯಿಂದ ಏನಾಯಿತು ಎಂಬುದನ್ನು ಇತಿಹಾಸ ಬಲ್ಲವರು ಹೇಳಲಿ.

ಉತ್ತರ: ಹಳೆಯ ನಕ್ಷೆಗಳು

ಮೇಲಿನವರು ಬಿಟ್ಟಲ್ಲಿಂದ ಮುಂದುವರಿಸುತ್ತೇನೆ. ಯುರೋಪಿನವರ ಬರಹದಲ್ಲಿ ಈ ನದಿ ಕಾಣಿಸಿಕೊಳ್ಳುವುದು 1679ರ ಡಿಸೆಂಬರ್‌ನಲ್ಲಿ. ಫ್ರೆಂಚ್ ಅನ್ವೇಷಕ ಲಾ ಸಾಲ್ ಮಿಷಿಗನ್ ಸರೋವರದಿಂದ ಸೇಂಟ್ ಜೋಸೆಫ್ ನದಿಯಲ್ಲಿ ಮೇಲೇರಿ ಬಂದು, ಇಂದಿನ ಸೌತ್ ಬೆಂಡ್ ನಗರದಲ್ಲಿ ದೋಣಿಗಳನ್ನು ನೀರಿನಿಂದೆತ್ತಿ, ತನ್ನ ತಂಡದವರೊಂದಿಗೆ ಅವನ್ನು ಹೊತ್ತು ನಡೆದು ಕ್ಯಾಂಕಕೀಯ ಉಗಮದ ಜೌಗಿನಲ್ಲಿ ಇಳಿಸಿದ. ಸೇಂಟ್ ಜೋಸೆಫ್‌ನ ನೀರು ಮಹಾಸರೋವರಗಳ ಮೂಲಕ ಅಟ್ಲಾಂಟಿಕ್‌ಗೆ ಸೇರಿದರೆ ಕ್ಯಾಂಕಕೀಯ ನೀರು ಇಲಿನಾಯ್ ನದಿ, ಮಿಸಿಸಿಪ್ಪಿಗಳ ಮೂಲಕ ಮೆಕ್ಸಿಕೊ ಕೊಲ್ಲಿಗೆ ಸೇರುತ್ತದೆ. ಅಂಥ ಎರಡು ಜಲಾನಯನಗಳ ನಡುವಿನ ಗಡಿಯನ್ನು ಕೆಲವೇ ಮೈಲಿ ಸಮತಟ್ಟು ನೆಲದಲ್ಲಿ ದಾಟಬಹುದಾಗಿತ್ತು. ಆ ದಾರಿಯನ್ನು ಲಾ ಸಾಲ್ 'ಕಂಡುಹಿಡಿದ' ಎಂದು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿನ ಮೂಲನಿವಾಸಿಗಳು ಬಹುಕಾಲದಿಂದ ಬಳಸುತ್ತಿದ್ದ ಹಾದಿ ಅದು.

ಮುಂದಿನ ಶತಮಾನಗಳಲ್ಲಿ ಈ ಸೀಮೆ ಪೊಟವಾಟಮಿ ಎಂಬ ಮೂಲನಿವಾಸಿ ಜನರ ನೆಲವಾಗಿತ್ತು. ಜೌಗು ಅವರಿಗೆ ಪಾಳುನೆಲವಲ್ಲ, ಬೇಟೆ, ಮೀನು, ಕಾಡುಭತ್ತ ಎಲ್ಲವೂ ಅದರಿಂದಲೇ. 1832ರ ಟಿಪ್ಪಕನೂ ಒಪ್ಪಂದಗಳಲ್ಲಿ ಬಹುಪಾಲು ಭೂಮಿಯನ್ನು ಅವರಿಂದ ಪಡೆದುಕೊಳ್ಳಲಾಯಿತು. ಕ್ಯಾಂಕಕೀಯ ಉಪನದಿಯಾದ ಯೆಲ್ಲೊ ರಿವರ್‌ನ ಸೀಮೆಯಲ್ಲಿ ಉಳಿದಿದ್ದ ಮೆನೊಮಿನೀ ಎಂಬ ಮುಖಂಡ 1836ರ ಒಪ್ಪಂದಕ್ಕೆ ಸಹಿ ಹಾಕಲು ನಿರಾಕರಿಸಿದ. 1838ರ ಸೆಪ್ಟೆಂಬರ್‌ನಲ್ಲಿ ಜಾನ್ ಟಿಪ್ಟನ್ ನೇತೃತ್ವದ ಸಶಸ್ತ್ರ ಪಡೆ ಪ್ಲಿಮತ್ ಊರಿನ ಸಮೀಪದ ಟ್ವಿನ್ ಲೇಕ್ಸ್‌ನಿಂದ ಎಂಟುನೂರಕ್ಕೂ ಹೆಚ್ಚು ಜನರನ್ನು ಕಾನ್ಸಾಸ್‌ಗೆ ಹೊರಡಿಸಿತು. ಸುಮಾರು 660 ಮೈಲಿಗಳ ಆ ದಾರಿಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಇಂದು ಅದನ್ನು 'ಸಾವಿನ ಹಾದಿ' ಎಂದೇ ಕರೆಯುತ್ತಾರೆ. ನದಿಯನ್ನು ನೇರಗೊಳಿಸಿದ ಕತೆಯನ್ನು ಹೇಳುವವರು ಅನೇಕರು ಈ ಪುಟವನ್ನು ಹಾರಿಸಿಬಿಡುತ್ತಾರೆ. ಜೌಗನ್ನು ಬದುಕಿನ ನೆಲೆಯಾಗಿ ಕಂಡಿದ್ದ ಜನರನ್ನು ಹೊರಹಾಕಿದ ಮೇಲಷ್ಟೇ ಅದನ್ನು ನಿರುಪಯುಕ್ತ ಎಂದು ದಾಖಲೆಗಳಲ್ಲಿ ಬರೆಯಲು ಸಾಧ್ಯವಾಯಿತೆಂಬುದು ನನ್ನ ದೃಢವಾದ ಅಭಿಪ್ರಾಯ.

1850ರಲ್ಲಿ ಅಮೆರಿಕದ ಸಂಸತ್ತು ಜೌಗುನೆಲ ಕಾಯಿದೆಯನ್ನು ಮಾಡಿತು. ಜೌಗನ್ನು ಬಸಿದು ಸಾಗುವಳಿಗೆ ತರಬೇಕೆಂಬ ಉದ್ದೇಶಕ್ಕೆ ಅಂಥ ಭೂಮಿಯನ್ನು ರಾಜ್ಯಗಳಿಗೆ ಕೊಡಲಾಯಿತು. ಇಂಡಿಯಾನಾಕ್ಕೆ ಸುಮಾರು ಹನ್ನೆರಡೂವರೆ ಲಕ್ಷ ಎಕರೆ ಬಂತು. ರಾಜ್ಯ ಅದನ್ನು ಅಗ್ಗದ ಬೆಲೆಗೆ ಮಾರಿತು. ಕೊಂಡವರಲ್ಲಿ ಉಳುವವರಿಗಿಂತ ಸಗಟಾಗಿ ಕೊಂಡು ಬೆಲೆ ಏರಲೆಂದು ಕಾಯುವವರ ಪಾಲೇ ದೊಡ್ಡದಾಗಿತ್ತು. ನೀವು ಕೇಳಿದ ಬೀವರ್ ಲೇಕ್ ನ್ಯೂಟನ್ ಕೌಂಟಿಯಲ್ಲಿತ್ತು. ಆ ಕಾಲದಲ್ಲಿ ಇಂಡಿಯಾನಾದ ಅತಿ ದೊಡ್ಡ ಸಹಜ ಸರೋವರ ಅದೇ. ವಿಸ್ತಾರವೇನೋ ಅಪಾರ, ಆದರೆ ಆಳ ತೀರಾ ಕಡಿಮೆ. ಅಲ್ಲಿಂದ ಕ್ಯಾಂಕಕೀಗೆ ಕಾಲುವೆ ತೋಡಿದ ಮೇಲೆ ಹಂತ ಹಂತವಾಗಿ ನೀರು ಇಳಿಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಸರೋವರದ ತಳ ದನಗಳ ಹುಲ್ಲುಗಾವಲೂ ಹೊಲವೂ ಆಗಿತ್ತು.

ನದಿಯ ಮುಖ್ಯಪಾತ್ರದ ಕೆಲಸ ಇಷ್ಟು ಸುಲಭವಾಗಿ ಆಗಲಿಲ್ಲ. 1869ರಲ್ಲಿ ಹುಟ್ಟಿದ ಕ್ಯಾಂಕಕೀ ವ್ಯಾಲಿ ಡ್ರೇನಿಂಗ್ ಕಂಪನಿ, ಬಸಿಗಾಲುವೆಗಳ ವೆಚ್ಚವನ್ನು ಭೂಮಾಲೀಕರ ಮೇಲೆ ಹೇರಲು ಹೊರಟು, ರೈತರ ವಿರೋಧ ಕಟ್ಟಿಕೊಂಡು ವಿಫಲವಾಯಿತು. 1893ರಲ್ಲಿ ಇಂಡಿಯಾನಾ ರಾಜ್ಯ ತನ್ನ ಹಣದಿಂದ, ನೆರೆರಾಜ್ಯದ ನೆಲದಲ್ಲಿರುವ ಮೊಮೆನ್ಸ್ ಕಲ್ಲುಹಾಸಿನ ಒಂದು ಭಾಗವನ್ನು ಒಡೆಸಿತು. ಆಶಿಸಿದಷ್ಟು ನೀರು ಇಳಿಯಲಿಲ್ಲ. ಆಮೇಲೆ ಬಂದವು ಉಗಿಯಂತ್ರದ ಡ್ರೆಜ್ ದೋಣಿಗಳು. ತನ್ನ ಮುಂದೆ ತಾನೇ ಕಾಲುವೆ ತೋಡಿಕೊಳ್ಳುತ್ತ, ಆ ಕಾಲುವೆಯ ನೀರಿನಲ್ಲೇ ತೇಲುತ್ತ, ತೋಡಿದ ಮಣ್ಣನ್ನು ಪಕ್ಕದಲ್ಲಿ ಸುರಿಯುತ್ತ ಸಾಗುವ ಯಂತ್ರ ಅದು. ಮೇಲಿನ ಹರಿವಿನಿಂದ ಆರಂಭವಾದ ಕೆಲಸ 1920ರ ದಶಕದ ಆರಂಭದ ಹೊತ್ತಿಗೆ ರಾಜ್ಯದ ಗಡಿಯನ್ನು ತಲುಪಿ ಅಲ್ಲಿಗೆ ನಿಂತಿತು. ಇಲಿನಾಯ್ ತನ್ನ ಪಾಲಿನ ನದಿಯನ್ನು ಇದ್ದಂತೆಯೇ ಉಳಿಸಿಕೊಂಡಿತು. 240 ಮೈಲಿಯ ನದಿ ಸುಮಾರು 90 ಮೈಲಿಯ ಕಾಲುವೆಯಾಯಿತು. ಉಪಗ್ರಹ ಚಿತ್ರದಲ್ಲಿ ನೀವು ಕಂಡ ಬದಲಾವಣೆಗೆ ಕಾರಣ ಇದು.

ಅದೇ ಚಿತ್ರವನ್ನು ಇನ್ನಷ್ಟು ಹತ್ತಿರಕ್ಕೆ ತಂದು ನೋಡಿ. ಕಾಲುವೆಯ ಅಕ್ಕಪಕ್ಕದ ಮರಗಳ ನಡುವೆ ಕೊಕ್ಕೆಯಾಕಾರದ ಹೊಂಡಗಳು ಕಾಣುತ್ತವೆ, ಅವು ಕತ್ತರಿಸಿ ಬಿಟ್ಟ ಹಳೆಯ ತಿರುವುಗಳು. ವಸಂತದಲ್ಲಿ ಬಿತ್ತನೆಗೆ ಮೊದಲು ತೆಗೆದ ಚಿತ್ರವಾದರೆ, ಬರಿ ಹೊಲದಲ್ಲೂ ಹಳೆಯ ಪಾತ್ರದ ಜಾಡು ಸುತ್ತಲಿನ ಮಣ್ಣಿಗಿಂತ ಕಪ್ಪಾದ ಬಾಗಿದ ಪಟ್ಟಿಯಾಗಿ ತೋರುತ್ತದೆ.

ಪ್ರೈರಿ ನಿವಾಸಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದ ಕೊಕ್ಕೆ ಹೊಂಡಗಳು ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಿಸಿದವು. ಈಗ ಮತ್ತೆರಡು ಪ್ರಶ್ನೆಗಳು. ಇಂಡಿಯಾನಾದಲ್ಲಿ ಅಷ್ಟು ವೇಗವಾಗಿ ಸಾಗಿಸಿದ ನೀರು ಇಲಿನಾಯ್‌ನ ಅಂಕುಡೊಂಕು ಪಾತ್ರವನ್ನು ಸೇರಿದಾಗ ಏನಾಗುತ್ತದೆ? ಮತ್ತು ಆ ಹಳೆಯ ತಿರುವುಗಳಿಗೆ ನದಿಯನ್ನು ಮರಳಿ ತರುವುದು ಸಾಧ್ಯವೇ?

ಉತ್ತರ: ನಿವೃತ್ತ ನೀರಾವರಿ ಎಂಜಿನಿಯರ್

ಮೊದಲನೆಯ ಪ್ರಶ್ನೆಗೆ ಉತ್ತರ ಲೆಕ್ಕದಲ್ಲೇ ಇದೆ. ಎರಡು ತುದಿಗಳ ಎತ್ತರದ ಅಂತರ ಬದಲಾಗದೆ ನಡುವಿನ ಉದ್ದ 240 ಮೈಲಿಯಿಂದ 90ಕ್ಕೆ ಇಳಿದರೆ ಇಳಿಜಾರು ಎರಡೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಇಳಿಜಾರು ಹೆಚ್ಚಿದರೆ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದರೆ ನೀರಿಗೆ ಮರಳನ್ನು ಹೊರುವ ಬಲ ಬರುತ್ತದೆ. ಇಲ್ಲಿಯಾದರೋ ತಳವೂ ಮರಳು, ದಂಡೆಯೂ ಮರಳು. ಯೆಲ್ಲೊ ರಿವರ್‌ನಂತಹ ಉಪನದಿಗಳ ದಂಡೆಗಳು ಕೊರೆದುಹೋಗಿ ಅಲ್ಲಿಂದಲೂ ಮರಳು ಸೇರುತ್ತದೆ. ಗಡಿ ದಾಟಿದ ಮೇಲೆ ನದಿ ಮತ್ತೆ ಬಳುಕುತ್ತದೆ, ವೇಗ ತಗ್ಗುತ್ತದೆ, ಹೊತ್ತು ತಂದ ಮರಳನ್ನು ಅಲ್ಲೇ ಇಳಿಸುತ್ತದೆ. ಮೊಮೆನ್ಸ್ ಸುತ್ತಲಿನ ಜೌಗುಕಾಡಿನಲ್ಲಿ ಮತ್ತು ಕ್ಯಾಂಕಕೀ ನಗರದ ಅಣೆಕಟ್ಟೆಯ ಹಿಂದಿನ 'ಸಿಕ್ಸ್ ಮೈಲ್ ಪೂಲ್' ಎಂಬ ನೀರಿನ ಹಾಸಿನಲ್ಲಿ ಮರಳು ತುಂಬುತ್ತಿರುವುದು ಇಲಿನಾಯ್ ಜನರ ಬಹುಕಾಲದ ದೂರು. ಆ ದೂರು ನ್ಯಾಯವಾದದ್ದು. ಮೇಲಿನವರು ಲಾಭ ಪಡೆದು ಕೆಳಗಿನವರು ಹೂಳು ಪಡೆಯುವ ವ್ಯವಸ್ಥೆ ಎಲ್ಲಿದ್ದರೂ ತಪ್ಪೇ.

ಒಂದು ವಿವರವನ್ನು ಸೇರಿಸಬೇಕು. ಕ್ಯಾಂಕಕೀ ನಗರಕ್ಕಿಂತ ಮೇಲೆ, ಅರೋಮಾ ಪಾರ್ಕ್ ಎಂಬಲ್ಲಿ ದಕ್ಷಿಣದಿಂದ ಇರಕ್ವಾ ನದಿ ಬಂದು ಸೇರುತ್ತದೆ. ಅದರದು ಜೇಡಿಮಣ್ಣಿನ ಸೀಮೆ, ಆದ್ದರಿಂದ ಅದರ ನೀರು ಕದಡಿದ್ದು. ಕ್ಯಾಂಕಕೀ ತರುವ ಮರಳು ತಳದಲ್ಲಿ ಉರುಳಿಕೊಂಡು ಬರುತ್ತದೆ, ಇರಕ್ವಾ ತರುವ ನುಣುಪು ಮಣ್ಣು ನೀರಿನಲ್ಲಿ ತೇಲಿಕೊಂಡು ಬರುತ್ತದೆ. ನದಿ ಕದಡಿರುವುದನ್ನೂ ನದಿಯಲ್ಲಿ ಮರಳು ತುಂಬುವುದನ್ನೂ ಒಂದೇ ಸಮಸ್ಯೆಯೆಂದು ಬೆರೆಸಿ ಮಾತನಾಡುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ, ಎರಡಕ್ಕೂ ಪರಿಹಾರ ಬೇರೆ ಬೇರೆ.

ಇಂಡಿಯಾನಾ ಕಡೆಯ ರೈತರು ನೆಮ್ಮದಿಯಾಗಿದ್ದಾರೆಂದೂ ತಿಳಿಯಬಾರದು. ನೀವು ಸೇತುವೆಯಿಂದ ಕಂಡ ಏರಿಗಳು ಬಹುಮಟ್ಟಿಗೆ ನೆರೆ ತಡೆಯಲೆಂದು ಲೆಕ್ಕ ಹಾಕಿ ಕಟ್ಟಿದವಲ್ಲ, ಡ್ರೆಜ್ ದೋಣಿ ಪಕ್ಕಕ್ಕೆ ಸುರಿದ ಮರಳುಮಣ್ಣಿನ ರಾಶಿಗಳು. ಹೊಳೆ ತುಂಬಿದಾಗ ಅವುಗಳ ಮೂಲಕ ನೀರು ಜಿನುಗುತ್ತದೆ, ಜಿನುಗಿದ ಜಾಗ ಕುಸಿಯುತ್ತದೆ. ಬಿದ್ದ ಮರಗಳು ಅಡ್ಡಸಿಕ್ಕಿ ನೀರು ಕಟ್ಟಿಕೊಳ್ಳುವುದೂ ಉಂಟು. 2018ರ ಫೆಬ್ರುವರಿಯಲ್ಲಿ ಹಿಮ ಕರಗುವುದೂ ದೊಡ್ಡ ಮಳೆಯೂ ಜೊತೆಯಾದಾಗ ನದಿ ಹಲವೆಡೆ ದಾಖಲೆ ಮಟ್ಟಕ್ಕೆ ಏರಿ, ಏರಿಗಳು ಒಡೆದು, ಹಳೆಯ ಜೌಗು ಇದ್ದ ತಗ್ಗಿನಲ್ಲೆಲ್ಲ ನೀರು ನಿಂತಿತು. ಮರುವರ್ಷವೇ, 2019ರಲ್ಲಿ, ಇಂಡಿಯಾನಾ ಶಾಸನಸಭೆ ಕ್ಯಾಂಕಕೀ ಮತ್ತು ಯೆಲ್ಲೊ ರಿವರ್ ಜಲಾನಯನಗಳಿಗಾಗಿ ಒಂದು ಆಯೋಗವನ್ನು ರಚಿಸಿತು. ದಂಡೆಗಳ ಇಳಿಜಾರನ್ನು ತಗ್ಗಿಸಿ ಭದ್ರಪಡಿಸುವುದು, ಏರಿಯನ್ನು ನದಿಯಿಂದ ಹಿಂದಕ್ಕೆ ಸರಿಸಿ ನೀರಿಗೆ ಜಾಗ ಬಿಡುವುದು, ಅಡ್ಡಬಿದ್ದ ಮರಗಳನ್ನು ತೆಗೆಸುವುದು ಇಂಥ ಕೆಲಸಗಳೇ ಅಲ್ಲಿ ಮುಖ್ಯವಾಗಬೇಕೆಂದು ನನ್ನ ಅನುಭವ ಹೇಳುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಬಸಿಯುವಿಕೆಯ ಜಾಲವಿದೆ. ಮಿಡ್‌ವೆಸ್ಟ್‌ನ ಹೊಲಗಳ ಅಡಿಯಲ್ಲಿ, ಮೂರು ನಾಲ್ಕು ಅಡಿ ಆಳದಲ್ಲಿ, ಹಿಂದೆ ಸುಟ್ಟ ಮಣ್ಣಿನ ತುಂಡುಕೊಳವೆಗಳನ್ನೂ ಈಗ ತೂತುಗಳಿರುವ ಪ್ಲಾಸ್ಟಿಕ್ ಕೊಳವೆಗಳನ್ನೂ ಸಾಲಾಗಿ ಹೂಳಿದ್ದಾರೆ. ಅವು ಮಣ್ಣಿನ ಹೆಚ್ಚುವರಿ ನೀರನ್ನು ಹತ್ತಿರದ ಕಾಲುವೆಗೆ ಬಿಡುತ್ತವೆ. ಕೃಷ್ಣಾ ಮತ್ತು ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು ಜಮೀನುಗಳನ್ನು ಸರಿಪಡಿಸಲು ನಮ್ಮಲ್ಲೂ ನೆಲದಡಿ ಬಸಿಗೊಳವೆ ಹಾಕುತ್ತಾರೆ, ಆದರೆ ಅಲ್ಲಿ ಉದ್ದೇಶ ಉಪ್ಪನ್ನು ತೊಳೆಯುವುದೂ ಹೌದು. ಇಲ್ಲಿ ನೀರಿನೊಂದಿಗೆ ಹೊರಹೋಗುವುದು ಮುಖ್ಯವಾಗಿ ಗೊಬ್ಬರದ ನೈಟ್ರೇಟ್. ಜೌಗು ಇದ್ದಾಗ ಅಲ್ಲಿನ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕವಾಗಿ ಗಾಳಿಗೆ ಬಿಡುತ್ತಿದ್ದವು. ಈಗ ಆ ಅವಕಾಶ ಸಿಗುವ ಮೊದಲೇ ಅದು ಇಲಿನಾಯ್ ನದಿ, ಮಿಸಿಸಿಪ್ಪಿ ದಾಟಿ ಕೊಲ್ಲಿಯತ್ತ ಸಾಗುತ್ತದೆ. ಅಲ್ಲಿ ಬೇಸಿಗೆಯಲ್ಲಿ ಆಮ್ಲಜನಕ ಇಲ್ಲವಾಗುವ ಸಮುದ್ರಭಾಗಕ್ಕೆ ಮಿಡ್‌ವೆಸ್ಟ್‌ನ ಇಂಥ ಎಲ್ಲ ನದಿಗಳ ಪಾಲೂ ಸೇರುತ್ತದೆ. ಅಯೋವಾದ ರಕೂನ್ ನದಿಯ ನೈಟ್ರೇಟ್ ವಿಚಾರವಾಗಿ ಡಿ ಮೊಯಿನ್ ನಗರದ ಜಲಮಂಡಳಿ 2015ರಲ್ಲಿ ಮೇಲ್ಭಾಗದ ಮೂರು ಕೌಂಟಿಗಳ ಬಸಿಗಾಲುವೆ ಮಂಡಳಿಗಳ ಮೇಲೆ ಮೊಕದ್ದಮೆ ಹೂಡಿತ್ತು. 2017ರಲ್ಲಿ ಅದು ವಜಾ ಆಯಿತು, ಪ್ರಶ್ನೆಯೇನೋ ಉಳಿದಿದೆ.

ಉತ್ತರ: ಸೌತ್ ಬೆಂಡ್ ಕನ್ನಡತಿ

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸಲು ಯತ್ನಿಸುತ್ತೇನೆ. ಇಡೀ ನದಿಯನ್ನು ಹಳೆಯ ತಿರುವುಗಳಿಗೆ ಮರಳಿಸುವುದು ಆಗದ ಮಾತು. ಬಸಿದ ನೆಲದ ಮೇಲೆ ಊರು, ರಸ್ತೆ, ರೈಲುದಾರಿ, ತಲೆಮಾರುಗಳ ಬೇಸಾಯ ನಿಂತಿವೆ. ಜೌಗಿನ ಕಪ್ಪು ಮಣ್ಣಿನಲ್ಲಿ ಈರುಳ್ಳಿ, ಆಲೂಗಡ್ಡೆಗಳ ಜೊತೆಗೆ ಪುದೀನವನ್ನೂ ಬೆಳೆದರು. ಸ್ಟಾರ್ಕ್ ಕೌಂಟಿಯ ನಾರ್ತ್ ಜಡ್ಸನ್ ಊರಿನಲ್ಲಿ ಪುದೀನ ಹಬ್ಬವನ್ನೇ ನಡೆಸುತ್ತಾರೆ. ಅಲ್ಲಿನ ರೈತನಿಗೆ ಬಸಿಗಾಲುವೆ ಅಜ್ಜ ಕಷ್ಟಪಟ್ಟು ಸಂಪಾದಿಸಿದ ಆಸ್ತಿಯ ಭಾಗ. ಆತನನ್ನು ಅಪರಾಧಿಯಂತೆ ಕಾಣುವ ಬರಹಗಳು ನನಗೆ ಹಿಡಿಸುವುದಿಲ್ಲ. ಹಾಗೆಂದು ಆ ಕಪ್ಪು ಮಣ್ಣು ಶಾಶ್ವತವೂ ಅಲ್ಲ. ನೀರಿನಡಿ ಕೊಳೆಯದೆ ಉಳಿದಿದ್ದ ಸಸ್ಯಾಂಶ ಗಾಳಿಗೆ ತೆರೆದುಕೊಂಡ ಮೇಲೆ ಕರಗುತ್ತ ಹೋಗುತ್ತದೆ, ಒಣಗಿದಾಗ ಗಾಳಿಗೆ ಹಾರುತ್ತದೆ, ನೆಲದ ಮಟ್ಟವೇ ತಗ್ಗುತ್ತದೆ. ತಗ್ಗಿದ ಹೊಲಕ್ಕೆ ನೆರೆಯ ಭಯ ಇನ್ನೂ ಹೆಚ್ಚು.

ಆದ್ದರಿಂದ ನಡೆದಿರುವುದು ತುಂಡು ತುಂಡಾದ ಪುನಶ್ಚೇತನ. ಬೀವರ್ ಲೇಕ್ ಇದ್ದ ಸೀಮೆಯಲ್ಲೇ, ನ್ಯೂಟನ್ ಕೌಂಟಿಯಲ್ಲಿ, ನೇಚರ್ ಕನ್ಸರ್ವೆನ್ಸಿ ಸಂಸ್ಥೆ 1990ರ ದಶಕದಲ್ಲಿ ಏಳು ಸಾವಿರ ಎಕರೆಗೂ ಹೆಚ್ಚು ಸಾಗುವಳಿ ಭೂಮಿಯನ್ನು ಕೊಂಡು, ಸ್ಥಳೀಯ ಹುಲ್ಲು ಮತ್ತು ಹೂಗಿಡಗಳ ಬೀಜ ಬಿತ್ತಿ, ಕೆಲವು ಬಸಿಗಾಲುವೆಗಳನ್ನು ಮುಚ್ಚಿ 'ಕ್ಯಾಂಕಕೀ ಸ್ಯಾಂಡ್ಸ್' ಎಂಬ ಪ್ರದೇಶವನ್ನು ರೂಪಿಸಿತು. 2016ರಲ್ಲಿ ದಕ್ಷಿಣ ಡಕೋಟಾದ ವಿಂಡ್ ಕೇವ್ ರಾಷ್ಟ್ರೀಯ ಉದ್ಯಾನದಿಂದ 23 ಬೈಸನ್‌ಗಳನ್ನು (ಅಮೆರಿಕದ ಕಾಡೆಮ್ಮೆಗಳನ್ನು) ತಂದು ಅಲ್ಲಿ ಬಿಟ್ಟರು, ಹಿಂಡು ಈಗ ಬೆಳೆದಿದೆ. ನಿಮ್ಮ ತಂಗಿಯ ಮನೆಗೆ ಹೋಗುವಾಗ ಐ-65 ಬಿಟ್ಟು ಸಮಾನಾಂತರವಾಗಿರುವ 41ನೆಯ ಹೆದ್ದಾರಿಯನ್ನು ಹಿಡಿದರೆ ಅದು ದಾರಿಯಲ್ಲೇ ಸಿಗುತ್ತದೆ.

ಪೊಟವಾಟಮಿಗಳ ವಿಷಯ ಬಂದುದರಿಂದ ಒಂದು ಮಾತು. ಅವರೆಲ್ಲರೂ ಹೊರಟುಹೋಗಲಿಲ್ಲ. ಪೊಕೇಗನ್ ಪಂಗಡದವರು ಇಲ್ಲೇ ಉಳಿದರು, 1994ರಲ್ಲಿ ಕೇಂದ್ರ ಸರ್ಕಾರದ ಮಾನ್ಯತೆಯನ್ನು ಮರಳಿ ಪಡೆದರು. ಸೌತ್ ಬೆಂಡ್‌ನಲ್ಲೂ ನೈರುತ್ಯ ಮಿಷಿಗನ್‌ನಲ್ಲೂ ಅವರ ನೆಲವಿದೆ. ಈ ನದಿಯ ಬಗ್ಗೆ ಮಾತನಾಡುವಾಗ ಅವರನ್ನು ಬರೀ ಗತಕಾಲದಲ್ಲಿ ನಿಲ್ಲಿಸಬಾರದು.

ಜೌಗು ಹೇಗಿದ್ದಿರಬಹುದೆಂದು ಅಂದಾಜು ಮಾಡಬೇಕಾದರೆ ನವೆಂಬರ್‌ನಲ್ಲಿ ಜಾಸ್ಪರ್-ಪುಲಾಸ್ಕಿ ವನ್ಯಜೀವಿ ಪ್ರದೇಶಕ್ಕೆ ಬನ್ನಿ. ವಲಸೆ ಹೋಗುವ ಸ್ಯಾಂಡ್‌ಹಿಲ್ ಸಾರಸಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಅಲ್ಲಿ ತಂಗುತ್ತವೆ. ಹಗಲೆಲ್ಲ ಸುತ್ತಲಿನ ಕೊಯ್ಲಾದ ಹೊಲಗಳಲ್ಲಿ ಉದುರಿದ ಮೆಕ್ಕೆಜೋಳದ ಕಾಳನ್ನು ತಿಂದು, ಸೂರ್ಯ ಮುಳುಗುವ ಮುನ್ನ ಸಾಲುಸಾಲಾಗಿ ಬಂದು ಬಯಲಿನಲ್ಲಿ ಇಳಿದು, ಕತ್ತಲಾಗುತ್ತಿದ್ದಂತೆ ಆಳವಿಲ್ಲದ ನೀರಿಗೆ ಹೋಗಿ ನಿಲ್ಲುತ್ತವೆ. ನೋಡುವವರಿಗೆಂದು ಎತ್ತರದ ಅಟ್ಟಣೆ ಕಟ್ಟಿದ್ದಾರೆ. ಸಂಜೆ ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಅಲ್ಲಿರುವುದು ಒಳ್ಳೆಯದು, ಚಳಿ ಬಹಳ ಇರುತ್ತದೆ, ದುರ್ಬೀನು ಮರೆಯಬೇಡಿ. ಮೊಮೆನ್ಸ್ ಕಲ್ಲುಹಾಸನ್ನು ನೋಡಬೇಕೆಂದಿದ್ದರೆ ಬೇಸಿಗೆಯ ಕೊನೆಯಲ್ಲಿ ನೀರು ಇಳಿದಾಗ ಆ ಊರಿನ ಸೇತುವೆಗೆ ಹೋಗಬೇಕು, ಉಳಿದ ಕಾಲದಲ್ಲಿ ಅದು ಸರಿಯಾಗಿ ಕಾಣಿಸುವುದಿಲ್ಲ.